ಹಳದಿ ಗೆರೆ ಕಾಣದ ಫೋಟೊಗಳು

ಮೊದಲ ಮಹಾಯುದ್ಧದ ಕಾಲದ ಫೋಟೊದಲ್ಲಿ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರ ನೆರಿಗೆಯ ಲಂಗ, ಉಟ್ಟ ಸಿಪಾಯಿ ನಿಂತಿದ್ದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಟಾರ್ಟನ್ ಎಂಬ ಆ ಚೌಕುಳಿ ಬಟ್ಟೆಯ ಮೇಲೆ. ಟಾರ್ಟನ್ ಯಾವುದೆಂದು ತಿಳಿದರೆ ರೆಜಿಮೆಂಟ್ ತಿಳಿಯಿತು, ರೆಜಿಮೆಂಟ್ ತಿಳಿದರೆ ಮನುಷ್ಯ ಸಿಕ್ಕಿದ ಎಂಬ ಲೆಕ್ಕ. ಈ ಲೆಕ್ಕ ಪದೇ ಪದೇ ತಪ್ಪಿ, ಬ್ರಿಟಿಷ್ ಸೈನ್ಯದ ಒಂದು ಕಿಲ್ಟ್ ರೆಜಿಮೆಂಟ್ ಇನ್ನೊಂದಾಗಿಬಿಡುತ್ತದೆ. ಗಾರ್ಡನ್ ಹೈಲ್ಯಾಂಡರ್ಸ್‌ನ ಹುಡುಗ ಬ್ಲ್ಯಾಕ್ ವಾಚ್ ಹುಡುಗನಾಗುತ್ತಾನೆ, ಲಿವರ್‌ಪೂಲ್‌ನ ಗುಮಾಸ್ತ ಉತ್ತರ ಸ್ಕಾಟ್ಲೆಂಡಿನ ಸೀಫೋರ್ತ್ ಆಗುತ್ತಾನೆ. ನೋಡುವವರು ಅಸಡ್ಡೆ ಮಾಡಿದರು ಅಂತಲ್ಲ. ಆ ಕಾಲದಲ್ಲಿ ಫೋಟೊ ಹಿಡಿಯುತ್ತಿದ್ದ ಗಾಜಿನ ಫಲಕಕ್ಕೆ ಬಣ್ಣಗಳು ನಮ್ಮ ಕಣ್ಣಿಗೆ ಕಂಡಂತೆ ಕಾಣುತ್ತಿರಲಿಲ್ಲ. ಹಾಗಾಗಿ ಈ ಕೆಲಸಕ್ಕೆ ಕೂರುವವರು ಒಂದು ಶಿಸ್ತು ರೂಢಿಸಿಕೊಳ್ಳಬೇಕು: ಟಾರ್ಟನ್ ಎಲ್ಲಕ್ಕಿಂತ ಕೊನೆಯ ಸಾಕ್ಷಿ. ಅದನ್ನು ಮೊದಲು ಕರೆದರೆ ಉಳಿದ ಸಾಕ್ಷಿಗಳನ್ನೆಲ್ಲ ಅದು ಹಾಳುಮಾಡುತ್ತದೆ.

ಇದೇಕೆ ಹೀಗೆ ಎಂಬುದು ತಿಳಿಯಬೇಕಾದರೆ ಬಟ್ಟೆಯಿಂದಲೇ ಶುರುಮಾಡಬೇಕು. ಟಾರ್ಟನ್ ನೇಯುವಾಗ ಹಾಸಿನಲ್ಲಿ ಯಾವ ಬಣ್ಣ ಎಷ್ಟು ಎಳೆ ಬರುತ್ತದೋ ಹೊಕ್ಕಿನಲ್ಲೂ ಅದೇ ಬಣ್ಣ ಅದೇ ಕ್ರಮದಲ್ಲಿ ಬರುತ್ತದೆ. ಹೀಗೆ ಮತ್ತೆ ಮತ್ತೆ ಬರುವ ಒಂದು ಪೂರ್ತಿ ವರಸೆಗೆ ಸೆಟ್ ಎನ್ನುತ್ತಾರೆ. ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟನಾಡಿನ) ಟಾರ್ಟನ್‌ಗಳಲ್ಲಿ ಹೆಚ್ಚಿನವು ಒಂದೇ ತಾಯಿಬೇರಿನವು. ಗಾಢ ನೀಲಿ, ಹಸಿರು, ಕಪ್ಪು ಈ ಮೂರೇ ಬಣ್ಣಗಳ ಆ ಮೂಲ ವಿನ್ಯಾಸಕ್ಕೆ ಗವರ್ನ್‌ಮೆಂಟ್ ಟಾರ್ಟನ್ ಎಂದು ಹೆಸರು. ಬ್ಲ್ಯಾಕ್ ವಾಚ್ ಉಡುತ್ತಿದ್ದುದು ಅದನ್ನೇ, ಮೇಲೆ ಯಾವ ಗೆರೆಯೂ ಇಲ್ಲದೆ. ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್‌ನದೂ ಅದೇ, ಆದರೆ ಬಣ್ಣ ತುಸು ತಿಳಿ. ನೆರಿಗೆ ಹಿಡಿಯುವಾಗ ಹಸಿರು ಹೊರಗೆ ಕಾಣುವಂತೆ ಹಿಡಿಯುತ್ತಿದ್ದರು. ಅದೇ ಬಟ್ಟೆಯ ಹಸಿರಿನ ನಡುವೆ ಒಂದು ಹಳದಿ ಗೆರೆ ಎಳೆದರೆ ಗಾರ್ಡನ್. ಹಸಿರಿನ ನಡುವೆ ಬಿಳಿ ಗೆರೆ, ನೀಲಿಯ ನಡುವೆ ಕೆಂಪು ಗೆರೆ ಎಳೆದರೆ ಮೆಕೆಂಜಿ, ಅಂದರೆ ಸೀಫೋರ್ತ್ ಹೈಲ್ಯಾಂಡರ್ಸ್. 1914ರ ಐದು ಕಿಲ್ಟ್ ರೆಜಿಮೆಂಟ್‌ಗಳಲ್ಲಿ ಈ ಬಳಗದಿಂದ ಹೊರಗಿನದು ಕ್ಯಾಮರಾನ್ ಹೈಲ್ಯಾಂಡರ್ಸ್‌ದು ಮಾತ್ರ. ಅವರದು ಎರ‍್ರಾಕ್ಟ್‌ನ ಕ್ಯಾಮರಾನ್ ಎಂಬ ಬೇರೆಯೇ ವಿನ್ಯಾಸ, ಕೆಂಪು ಗೆರೆಗಳ ಜೊತೆಗೆ ಒಂದು ಹಳದಿ.

ಅಂದರೆ ರೆಜಿಮೆಂಟ್‌ಗಳ ಗುರುತೆಲ್ಲ ನಿಂತಿರುವುದು ಒಂದೆರಡು ಸಣ್ಣ ಗೆರೆಗಳ ಬಣ್ಣದ ಮೇಲೆ. ಕ್ಯಾಮೆರಾ ಕೈಕೊಡುವುದೂ ಸರಿಯಾಗಿ ಅಲ್ಲೇ.

ಹತ್ತೊಂಬತ್ತನೆಯ ಶತಮಾನದ ಸಾಮಾನ್ಯ ಗಾಜಿನ ಫಲಕಗಳಿಗೆ ನೀಲಿ, ನೇರಳೆ ಬೆಳಕು ಮಾತ್ರ ತಾಗುತ್ತಿತ್ತು. ಆಮೇಲೆ ಬಂದ ಆರ್ಥೊಕ್ರೊಮ್ಯಾಟಿಕ್ ಫಲಕಗಳಿಗೆ ಹಸಿರು, ಸ್ವಲ್ಪ ಹಳದಿ ತಾಗತೊಡಗಿತು. ಕೆಂಪು ಎರಡಕ್ಕೂ ಕಾಣದು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕಗಳನ್ನು ಇಂಗ್ಲೆಂಡಿನ ರಾಟನ್ ಅಂಡ್ ವೇನ್‌ರೈಟ್ ಕಂಪನಿ 1906ರಲ್ಲೇ ಮಾರುಕಟ್ಟೆಗೆ ತಂದಿತ್ತಾದರೂ ಊರ ಸ್ಟುಡಿಯೊಗಳು ಅದಕ್ಕೆ ಬೇಗ ಬದಲಾಗಲಿಲ್ಲ. ಹಳೆಯ ಫಲಕವನ್ನು ಕೆಂಪು ದೀಪದ ಬೆಳಕಲ್ಲಿ ಕಣ್ಣಿಂದ ನೋಡುತ್ತಲೇ ತೊಳೆಯಬಹುದಿತ್ತು. ಹೊಸದಕ್ಕೆ ಕತ್ತಲೆಯೇ ಬೇಕು. ಹಾಗಾಗಿ 1914ರಿಂದ 1918ರ ಫೋಟೊ ಕೈಗೆತ್ತಿಕೊಂಡಾಗ ಅದು ಕೆಂಪು ಕಾಣದ ಫಲಕದ್ದೆಂದೇ ಹಿಡಿದು ಹೊರಡುವುದು ಕ್ಷೇಮ.

ಈಗ ಒಂದೊಂದೇ ಬಟ್ಟೆಯನ್ನು ಆ ಫಲಕದ ಕಣ್ಣಿಂದ ನೋಡಿ. ಕೆಂಪು ಕಪ್ಪಾಗುತ್ತದೆ. ಹಳದಿ ಮಂಕಾಗಿ ಪಕ್ಕದ ಹಸಿರಿನಷ್ಟೇ ಬೂದಾಗುತ್ತದೆ, ಇಲ್ಲವೇ ಅದಕ್ಕಿಂತಲೂ ಕಪ್ಪಾಗುತ್ತದೆ. ನೀಲಿ ಮಾತ್ರ ನಾವು ಎಣಿಸುವುದಕ್ಕಿಂತ ತಿಳಿಯಾಗಿ ಬರುತ್ತದೆ. ಕಣ್ಣಿಗೆ ಕಪ್ಪೆನಿಸುವ ನೀಲಿ ಫೋಟೊದಲ್ಲಿ ಹಸಿರಿಗಿಂತ ಬೆಳ್ಳಗೆ ಕಂಡರೂ ಆಶ್ಚರ್ಯವಿಲ್ಲ. ಗಾರ್ಡನ್ ಕಿಲ್ಟ್‌ನ ಹಳದಿ ಗೆರೆ ಹಸಿರಿನಲ್ಲಿ ಕರಗಿತೆಂದರೆ ಉಳಿಯುವುದು ಗೆರೆಯಿಲ್ಲದ ಗವರ್ನ್‌ಮೆಂಟ್ ಟಾರ್ಟನ್, ಅಂದರೆ ಬ್ಲ್ಯಾಕ್ ವಾಚ್! ಮೆಕೆಂಜಿಯ ಕೆಂಪು ಗೆರೆ ಅಳಿಸಿಹೋಗಿ ಬಿಳಿ ಗೆರೆಯೊಂದೇ ಉಳಿದರೆ ಅದು ಫೋರ್ಬ್ಸ್ ಟಾರ್ಟನ್‌ನಂತೆಯೇ ಕಾಣುತ್ತದೆ. ಫೋರ್ಬ್ಸ್ ಉಡುತ್ತಿದ್ದವರು ಲಿವರ್‌ಪೂಲ್ ಸ್ಕಾಟಿಷ್, ಅಂದರೆ ಕಿಂಗ್ಸ್ ಲಿವರ್‌ಪೂಲ್ ರೆಜಿಮೆಂಟಿನ 10ನೇ ಬೆಟಾಲಿಯನ್. ದಕ್ಷಿಣ ಆಫ್ರಿಕಾದ 4ನೇ ಪದಾತಿ ದಳದವರು ಉಡುತ್ತಿದ್ದ ಅಥೋಲ್‌ನ ಮರ‍್ರೆ ಟಾರ್ಟನ್‌ನಲ್ಲಿ ಗುರುತಿನ ಗೆರೆಗಳೇ ಕೆಂಪು. ಅವೂ ಕಪ್ಪಿನಲ್ಲಿ ಸೇರಿಹೋಗುತ್ತವೆ.

ಇದರಿಂದ ಒಂದು ಮುಖ್ಯ ಪಾಠವಿದೆ. ಬಿಳಿ ಗೆರೆ ಕಂಡರೆ ನಂಬಬಹುದು. ಗೆರೆಯೇ ಕಾಣದಿದ್ದರೆ ಮಾತ್ರ ಅದರಿಂದ ಏನನ್ನೂ ಹೇಳಬಾರದು. "ಗೆರೆಯಿಲ್ಲ, ಆದ್ದರಿಂದ ಬ್ಲ್ಯಾಕ್ ವಾಚ್" ಎಂಬ ಒಂದೇ ವಾಕ್ಯದಿಂದ ಆಗಿರುವಷ್ಟು ತಪ್ಪು ಈ ಕ್ಷೇತ್ರದಲ್ಲಿ ಬೇರೆ ಯಾವುದರಿಂದಲೂ ಆಗಿಲ್ಲವೆಂದು ನನಗನಿಸುತ್ತದೆ.

ಕೈಯಲ್ಲಿರುವ ಫೋಟೊಗೆ ಯಾವ ಬಣ್ಣ ಎಷ್ಟು ಕಂಡಿದೆ ಎಂದು ಅದರೊಳಗೇ ಪರೀಕ್ಷಿಸಬಹುದು. ನಮಗೆ ಖಚಿತವಾಗಿ ಬಣ್ಣ ಗೊತ್ತಿರುವ ವಸ್ತು ಯಾವುದಾದರೂ ಇದೆಯೇ ಹುಡುಕಿ. ಬ್ರಿಟಿಷ್ ಧ್ವಜವಿದ್ದರೆ ಅದರ ಕೆಂಪು ಕಪ್ಪಗೆ, ನೀಲಿ ತಿಳಿಬೂದಿಗೆ ತಿರುಗಿದೆಯೇ ನೋಡಿ. ದಕ್ಷಿಣ ಆಫ್ರಿಕಾದಲ್ಲಿ 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದ ಕ್ವೀನ್ಸ್ ಸೌತ್ ಆಫ್ರಿಕಾ ಪದಕವಿದ್ದರೆ ಇನ್ನೂ ಒಳ್ಳೆಯದು. ಅದರ ರಿಬ್ಬನ್‌ನಲ್ಲಿ ನಡುವೆ ಅಗಲ ಕಿತ್ತಳೆ, ಅದರ ಎರಡು ಬದಿ ನೀಲಿ, ಅಂಚುಗಳು ಕೆಂಪು. ಆ ಅಗಲ ಕಿತ್ತಳೆ ಪಟ್ಟಿ ಕಪ್ಪಾಗಿ, ಪಕ್ಕದ ನೀಲಿ ಬೆಳ್ಳಗಾಗಿದ್ದರೆ ಫಲಕಕ್ಕೆ ಕೆಂಪು ಕಡೆಯ ಬಣ್ಣಗಳು ಕಾಣುತ್ತಿಲ್ಲ ಎಂಬುದು ನಿಶ್ಚಯವಾಯಿತು; ಹಳದಿ ಗೆರೆಯನ್ನು ಆ ಫೋಟೊದಲ್ಲಿ ಹುಡುಕುತ್ತ ಕೂರಬೇಕಿಲ್ಲ. ಇವೆರಡೂ ಇಲ್ಲದಿದ್ದರೆ ಮುಖ ನೋಡಿ. ತುಟಿ ತೀರಾ ಕಪ್ಪಾಗಿ, ಬಿಳಿ ಚರ್ಮದವನ ಮುಖದ ಮಚ್ಚೆಗಳೆಲ್ಲ ಎದ್ದು ಕಂಡರೆ ಅದೂ ಅದೇ ಸೂಚನೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಫೋಟೊ ಎಡಬಲ ತಿರುಗಿದೆಯೇ ಎಂಬ ಪ್ರಶ್ನೆಯಿಂದ. ನೆಗೆಟಿವ್ ತಿರುವಿ ಮುದ್ರಿಸಿದ್ದಿರಬಹುದು, ಸ್ಕ್ಯಾನ್ ಮಾಡಿದವರು ತಿರುಗಿಸಿರಬಹುದು. ತಗಡಿನ ಮೇಲೆ ನೇರವಾಗಿ ತೆಗೆದ ಹಳೆಯ ಚಿತ್ರಗಳಂತೂ ಕನ್ನಡಿ ಬಿಂಬದಂತೆಯೇ ಬರುತ್ತಿದ್ದವು. ಕಿಲ್ಟ್‌ನ ಮುಂಭಾಗದಲ್ಲಿ ನೆರಿಗೆ ಇರುವುದಿಲ್ಲ. ಅಲ್ಲಿನ ಸಪಾಟು ಸೆರಗು ಉಟ್ಟವನ ಬಲಗಡೆಗೆ ಬಂದು ಮುಗಿಯುತ್ತದೆ, ಕುಚ್ಚು ಬಿಟ್ಟ ಅದರ ಅಂಚೂ ಅಲ್ಲೇ. ಎದುರಿಗೆ ನಿಂತು ನೋಡುವ ನಮಗೆ ಅದು ಎಡಗಡೆ ಕಾಣಬೇಕು. ಟೋಪಿಯ ಬ್ಯಾಡ್ಜ್ ಅವನ ಎಡಕ್ಕೆ, ಪದಕಗಳು ಎಡ ಎದೆಗೆ, ಬಯೊನೆಟ್ ಎಡ ಸೊಂಟಕ್ಕೆ. ಕೋಟಿನ ಎಡಭಾಗ ಬಲದ ಮೇಲೆ ಬಂದು ಗುಂಡಿ ಹಾಕಿಕೊಂಡಿರುತ್ತದೆ. ರೈಫಲ್ ಹಿಡಿದಿದ್ದರೆ ಅದರ ಬೋಲ್ಟ್ ಹಿಡಿ ಬಲಕ್ಕಿರಬೇಕು. ಇವೆಲ್ಲ ಒಟ್ಟಿಗೇ ಉಲ್ಟಾ ಇದ್ದರೆ ಮೊದಲು ಚಿತ್ರವನ್ನು ತಿರುಗಿಸಿ, ಆಮೇಲೆ ಮುಂದಿನ ಮಾತು. ಈ ಹೆಜ್ಜೆ ಬಿಟ್ಟರೆ ಎಡತೋಳಿನ ಪಟ್ಟಿಯನ್ನು ಬಲತೋಳಿನದೆಂದು ಓದಿ ವರ್ಷವನ್ನೇ ತಪ್ಪು ಮಾಡಿಬಿಡುತ್ತೀರಿ.

ನಂತರ ತಲೆ. ಯುದ್ಧದ ಮೊದಲ ತಿಂಗಳುಗಳಲ್ಲಿ ಹೈಲ್ಯಾಂಡ್ ಸಿಪಾಯಿಗಳ ತಲೆಯ ಮೇಲೆ ಗ್ಲೆಂಗರಿ ಇರುತ್ತಿತ್ತು. ನಮ್ಮ ಗಾಂಧಿ ಟೋಪಿಯಂತೆ ಉದ್ದಕ್ಕೆ ಮಡಚಿದ್ದು, ಹಿಂದೆ ಎರಡು ರಿಬ್ಬನ್ ಬಾಲ. ಇದರ ಕೆಳಅಂಚಿನ ಸುತ್ತ ಚದುರಂಗದ ಮನೆಗಳಂತೆ ಚೌಕಗಳಿವೆಯೇ ಇಲ್ಲವೇ ಎಂಬುದು ಬಣ್ಣವನ್ನೇ ಅವಲಂಬಿಸದ ಗುರುತು, ಅದಕ್ಕೇ ಅಮೂಲ್ಯ. ಬ್ಲ್ಯಾಕ್ ವಾಚ್ ಮತ್ತು ಕ್ಯಾಮರಾನ್ ಗ್ಲೆಂಗರಿಗಳಲ್ಲಿ ಚೌಕಗಳಿಲ್ಲ. ಸೀಫೋರ್ತ್, ಗಾರ್ಡನ್, ಆರ್ಗೈಲ್‌ಗಳಲ್ಲಿ ಇವೆ. ಆರ್ಗೈಲ್‌ನದು ಕೆಂಪು ಬಿಳಿ ಎರಡೇ ಬಣ್ಣದ್ದಾದ್ದರಿಂದ ಫೋಟೊದಲ್ಲಿ ಅಪ್ಪಟ ಕಪ್ಪು ಬಿಳಿಯಾಗಿ ಎದ್ದು ಕಾಣುತ್ತದೆ. ಗೆರೆಯಿಲ್ಲದ ಕಿಲ್ಟ್, ಮೇಲೆ ಚೌಕವಿರುವ ಗ್ಲೆಂಗರಿ ಎರಡೂ ಒಟ್ಟಿಗೆ ಕಂಡರೆ ಬ್ಲ್ಯಾಕ್ ವಾಚ್ ಅಲ್ಲ ಎಂಬುದಂತೂ ಸ್ಪಷ್ಟ. ಆಗ ಆರ್ಗೈಲ್ ಇರಬಹುದು, ಹಳದಿ ಕಳೆದುಕೊಂಡ ಗಾರ್ಡನ್ ಇರಬಹುದು.

ಅವೆರಡನ್ನು ಬೇರ್ಪಡಿಸುವುದು ಬ್ಯಾಡ್ಜ್. ಅಕ್ಷರ ಓದಲಾಗದಷ್ಟು ಮಸುಕಿದ್ದರೂ ಹೊರರೇಖೆ ಸಾಕು. ಆರ್ಗೈಲ್ ಬ್ಯಾಡ್ಜ್ ದುಂಡಗೆ, ಅಂಗೈಯಷ್ಟು ದೊಡ್ಡದೇ ಎನಿಸುವಂತಿರುತ್ತದೆ; ಬ್ರಿಟಿಷ್ ಸೈನ್ಯದ ಟೋಪಿ ಬ್ಯಾಡ್ಜ್‌ಗಳಲ್ಲೇ ದೊಡ್ಡದೆಂದು ಹೆಸರಾಗಿದ್ದು ಅದು, ಒಳಗೆ ಹಂದಿಯ ತಲೆ ಮತ್ತು ಕಾಡುಬೆಕ್ಕು. ಗಾರ್ಡನ್ ಮತ್ತು ಸೀಫೋರ್ತ್ ಎರಡರಲ್ಲೂ ಇರುವುದು ಕೊಂಬಿನ ಗಂಡು ಜಿಂಕೆಯ ತಲೆ, ಗಲಿಬಿಲಿ ಇಲ್ಲೇ. ಗಾರ್ಡನ್‌ನ ಜಿಂಕೆಯನ್ನು ಐವಿ ಬಳ್ಳಿಯ ಮಾಲೆ ಸುತ್ತಿರುತ್ತದೆ, ಹಾಗಾಗಿ ದೂರದಿಂದ ದುಂಡಗೆ ತೋರುತ್ತದೆ, ಆದರೂ ಆರ್ಗೈಲ್ ಬ್ಯಾಡ್ಜಿನಷ್ಟು ದೊಡ್ಡದಲ್ಲ. ಸೀಫೋರ್ತ್‌ಗೆ ಮಾಲೆಯಿಲ್ಲ. ಕೊಂಬುಗಳು ಮೇಲೆ ಅಗಲಕ್ಕೆ ಹರಡಿ, ಕೆಳಗೆ ಮೂತಿಯ ಕಡೆ ಸಣ್ಣಗಾಗಿ, ತಲೆಕೆಳಗಾದ ತ್ರಿಕೋನದಂತೆ ಕಾಣುತ್ತದೆ. ಬ್ಲ್ಯಾಕ್ ವಾಚ್‌ದು ನಕ್ಷತ್ರದ ಆಕಾರ. ಆದರೆ ಅಗಲ ಖಾಕಿ ಟೋಪಿ ಬಂದ ಮೇಲೆ ಅವರು ಬ್ಯಾಡ್ಜ್ ಬದಲು ಕೆಂಪು ಗರಿಯ ಸಣ್ಣ ಗೊಂಚಲನ್ನೇ ಸಿಕ್ಕಿಸಿಕೊಳ್ಳುತ್ತಿದ್ದರು. ಕೆಂಪು ಕಪ್ಪಾಗುವುದರಿಂದ ಫೋಟೊದಲ್ಲಿ ಅದು ಟೋಪಿಯ ಎಡಕ್ಕೆ ಅಂಟಿದ ಕಪ್ಪು ಕಲೆಯಂತಿರುತ್ತದೆ. ಕಲೆಯೆಂದು ಒರೆಸಿ, ತಿದ್ದಿ, "ಸರಿ" ಮಾಡಿದ ಸ್ಕ್ಯಾನ್‌ಗಳಿವೆಯೆಂದರೆ ಯೋಚಿಸಿ; ಇದ್ದ ಒಂದೇ ಗಟ್ಟಿ ಸಾಕ್ಷಿಯನ್ನು ಅಳಿಸಿದಂತಾಯಿತು.

ಸೊಂಟದ ಮುಂದೆ ತೂಗುವ ಸ್ಪೊರಾನ್ ಚೀಲ ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ. ಕುದುರೆ ಕೂದಲಿನ ಆ ದೊಡ್ಡ ಸ್ಪೊರಾನ್‌ಗಳಲ್ಲಿ ಇರುವುದೇ ಕಪ್ಪು, ಬಿಳಿ. ಯಾವ ಫಲಕವೂ ಇದನ್ನು ತಪ್ಪು ಹೇಳಲಾರದು. ಸಾಮಾನ್ಯ ಸಿಪಾಯಿಗಳದ್ದನ್ನು ಹೇಳುವುದಾದರೆ ಬಿಳಿ ಕೂದಲಿನ ಮೇಲೆ ಐದು ಸಣ್ಣ ಕಪ್ಪು ಕುಚ್ಚುಗಳಿದ್ದರೆ ಬ್ಲ್ಯಾಕ್ ವಾಚ್. ಬಿಳಿಯ ಮೇಲೆ ಎರಡು ಉದ್ದ ಕಪ್ಪು ಕುಚ್ಚುಗಳಾದರೆ ಗಾರ್ಡನ್ ಅಥವಾ ಸೀಫೋರ್ತ್. ಕಪ್ಪು ಕೂದಲಿನ ಮೇಲೆ ಎರಡು ಬಿಳಿ ಕುಚ್ಚು ಕ್ಯಾಮರಾನ್‌ದು, ಆರು ಬಿಳಿ ಕುಚ್ಚು ಆರ್ಗೈಲ್‌ದು. ಕುಚ್ಚುಗಳನ್ನು ಎಣಿಸಿ, ಕೈ ಅಡ್ಡ ಬಂದು ಒಂದೆರಡು ಮರೆಯಾಗಿರಬಹುದೆಂಬುದನ್ನೂ ನೆನಪಿಡಿ. ಅಧಿಕಾರಿಗಳ ಮತ್ತು ಸಾರ್ಜೆಂಟ್‌ಗಳ ಸ್ಪೊರಾನ್ ಬೇರೆ ಬಗೆಯದಿರುತ್ತಿತ್ತು, ಆದ್ದರಿಂದ ಮೊದಲು ತೋಳಿನ ಪಟ್ಟಿ ನೋಡಿಯೇ ಈ ಲೆಕ್ಕ ಅನ್ವಯಿಸಬೇಕು. ರಣರಂಗಕ್ಕೆ ಇವನ್ನು ಕಟ್ಟಿಕೊಂಡು ಹೋಗುತ್ತಿರಲಿಲ್ಲ. ಹಾಗಾಗಿ ಈ ಗುರುತು ಸಿಗುವುದು 1914ಕ್ಕೆ ಮುಂಚಿನ ಫೋಟೊಗಳಲ್ಲಿ ಮತ್ತು ಊರಲ್ಲಿ ಠೀವಿಯಿಂದ ತೆಗೆಸಿಕೊಂಡವುಗಳಲ್ಲಿ.

ರಣರಂಗದ ಫೋಟೊದಲ್ಲಿ ಟಾರ್ಟನ್ ಕೂಡ ಕಾಣದೆ ಹೋಗಬಹುದು. ಕಿಲ್ಟ್ ಮೇಲೆ ಖಾಕಿ ಬಟ್ಟೆಯ ಹೊದಿಕೆಯೊಂದನ್ನು ಕಟ್ಟಿಕೊಳ್ಳುವ ಪದ್ಧತಿ ಬೋಯರ್ ಯುದ್ಧದಲ್ಲಿ ಬಂತು. ಆಗ ಅದು ಮುಂಭಾಗವನ್ನು ಮಾತ್ರ ಮುಚ್ಚುತ್ತಿತ್ತು. 1899ರ ಡಿಸೆಂಬರ್ 11ರಂದು ಮಾಗರ್ಸ್‌ಫಾಂಟೈನ್‌ನಲ್ಲಿ ಹೈಲ್ಯಾಂಡ್ ಬ್ರಿಗೇಡ್ ಗುಂಡಿನ ಮಳೆಗೆ ನೆಲಕ್ಕೆ ಬೋರಲು ಬಿದ್ದು ದಿನವಿಡೀ ಬಿಸಿಲಲ್ಲಿ ಉಳಿಯಬೇಕಾಯಿತು. ಮುಂದಿನ ಖಾಕಿ ನೆಲಕ್ಕೆ, ಹಿಂದಿನ ಕಪ್ಪು ಟಾರ್ಟನ್ ಶತ್ರುವಿನ ಕಣ್ಣಿಗೆ. ಆಮೇಲಿನ ಹೊದಿಕೆಗಳು ಸುತ್ತಲೂ ಬಂದವು. ಮೊದಲ ಮಹಾಯುದ್ಧದ ಫೋಟೊದಲ್ಲಿ ಚೌಕುಳಿಯೇ ಇಲ್ಲದ ಸಾದಾ ಕಿಲ್ಟ್ ಕಂಡರೆ ಒಂದೋ ಅದು ಈ ಹೊದಿಕೆ, ಇಲ್ಲವೇ ಲಂಡನ್ ಸ್ಕಾಟಿಷ್‌ನವರ ಹಾಡನ್ ಗ್ರೇ ಎಂಬ ಒಂದೇ ಬಣ್ಣದ ಬಟ್ಟೆ. ಹೊದಿಕೆ ತೆಳು ಹತ್ತಿಯದು, ಸುಕ್ಕುಸುಕ್ಕಾಗಿ ಇಳಿಬಿದ್ದಿರುತ್ತದೆ, ಕೆಳಅಂಚಿನಲ್ಲಿ ಅದರಡಿಯ ಟಾರ್ಟನ್ ಒಂದೆರಡು ಬೆರಳು ಇಣುಕುವುದೂ ಉಂಟು. ಹಾಡನ್ ಗ್ರೇ ದಪ್ಪ ಉಣ್ಣೆ. ಹಿಂಭಾಗದ ನೆರಿಗೆಗಳು ಗರಿಗರಿಯಾಗಿ ಎದ್ದು ಕಾಣುತ್ತವೆ, ಬಲ ಅಂಚಿನಲ್ಲಿ ಕುಚ್ಚಿರುತ್ತದೆ.

ಭುಜದ ಪಟ್ಟಿಯ ಹಿತ್ತಾಳೆ ಅಕ್ಷರಗಳನ್ನು ಬಹಳ ಮಂದಿ ನೋಡುವುದೇ ಇಲ್ಲ. ಅಲ್ಲಿ ಕಮಾನಿನಂತೆ ಗಾರ್ಡನ್, ಸೀಫೋರ್ತ್, ಕ್ಯಾಮರಾನ್ ಎಂಬ ಹೆಸರೇ ಇರುತ್ತದೆ. ಬ್ಲ್ಯಾಕ್ ವಾಚ್‌ಗೆ ರಾಯಲ್ ಹೈಲ್ಯಾಂಡರ್ಸ್ ಎಂಬುದರ ಎರಡು ಮೊದಲಕ್ಷರ ಮಾತ್ರ. ಅಕ್ಷರ ಓದಲಾಗದಿದ್ದರೂ ಉದ್ದ ಅಳೆಯಬಹುದು. ಎರಡಕ್ಷರದ ತುಂಡು ಎಂಟಕ್ಷರದ ಸೀಫೋರ್ತ್ ಆಗಲಾರದು. ಒಂದರ ಕೆಳಗೊಂದು ಮೂರು ಸಾಲಿದ್ದರೆ ಟೆರಿಟೋರಿಯಲ್ ಬೆಟಾಲಿಯನ್, ಅಂದರೆ ಬಿಡುವಿನಲ್ಲಿ ತರಬೇತಿ ಪಡೆಯುತ್ತಿದ್ದ ಊರ ಸ್ವಯಂಸೇವಕರ ದಳ: ಮೇಲೆ ಟಿ ಅಕ್ಷರ, ನಡುವೆ ಬೆಟಾಲಿಯನ್ ಸಂಖ್ಯೆ, ಕೆಳಗೆ ರೆಜಿಮೆಂಟ್. ಆ ನಡುವಿನ ಅಂಕಿ ಸಿಕ್ಕಿತೆಂದರೆ ಸಾವಿರಾರು ಜನರ ಗುಂಪಿನಿಂದ ಒಂದು ಊರಿನ ಹುಡುಗರ ಗುಂಪಿಗೆ ಇಳಿದಂತೆ.

ಇಷ್ಟು ಸೂಕ್ಷ್ಮ ಕಾಣುವುದೇ ಎಂದು ಕೇಳಬಹುದು. ಮೂಲ ಫೋಟೊದಲ್ಲಿ ಕಾಣುತ್ತದೆ, ಮೊಬೈಲ್‌ನಲ್ಲಿ ಬಂದ ಪ್ರತಿಯಲ್ಲಿ ಇಲ್ಲ. ಲೆಕ್ಕ ಹಾಕಿ ನೋಡಿ. ಆ ಕಾಲದ ಪೋಸ್ಟ್‌ಕಾರ್ಡ್ ಅಳತೆ ಸುಮಾರು ಮೂರೂವರೆ ಅಂಗುಲಕ್ಕೆ ಐದೂವರೆ ಅಂಗುಲ. ಐದಡಿ ಎಂಟಂಗುಲದ ಮನುಷ್ಯ ಅದರಲ್ಲಿ ನಾಲ್ಕೂವರೆ ಅಂಗುಲ ಎತ್ತರಕ್ಕೆ ನಿಂತಿದ್ದರೆ ಎಲ್ಲವೂ ಹದಿನೈದರಲ್ಲೊಂದು ಪಾಲಾಗಿದೆ. ಒಂದಂಗುಲ ಅಗಲದ ಕೋಟಿನ ಗುಂಡಿ ಅಂಗುಲಕ್ಕೆ 1200 ಚುಕ್ಕಿಯಂತೆ, ಅಂದರೆ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದಾಗ 80 ಪಿಕ್ಸೆಲ್ ಅಗಲ ಬರುತ್ತದೆ, 150 ಡಿಪಿಐನಲ್ಲಿ ಬರೀ 10. ಕಾಲಂಗುಲದ ಟಾರ್ಟನ್ ಗೆರೆ ಮೊದಲನೆಯದರಲ್ಲಿ 20 ಪಿಕ್ಸೆಲ್, ಎರಡನೆಯದರಲ್ಲಿ ಎರಡೂವರೆ. ಎರಡೂವರೆ ಪಿಕ್ಸೆಲ್‌ನಲ್ಲಿ ಗೆರೆ ಇದೆಯೋ ಇಲ್ಲವೋ ಎಂದು ವಾದ ಮಾಡುವುದು ವ್ಯರ್ಥ. ಸ್ಟುಡಿಯೊ ಪೋಸ್ಟ್‌ಕಾರ್ಡ್‌ಗಳನ್ನು ಹೆಚ್ಚಾಗಿ ಗಾಜಿನ ನೆಗೆಟಿವ್‌ಗೆ ಕಾಗದ ಒತ್ತಿಯೇ ಮುದ್ರಿಸುತ್ತಿದ್ದುದರಿಂದ ಅವುಗಳಲ್ಲಿ ವಿವರ ತುಂಬ ಚೆನ್ನಾಗಿ ಉಳಿದಿರುತ್ತದೆ.

ಸ್ಕ್ಯಾನ್ ಮಾಡುವಾಗ ಕಂದು ಬಣ್ಣಕ್ಕೆ ತಿರುಗಿದ ಫೋಟೊವನ್ನೂ ಕಲರ್‌ನಲ್ಲೇ ಮಾಡಿ, 16 ಬಿಟ್ ಟಿಫ್ ಆಗಿ ಉಳಿಸಿ. ಆಮೇಲೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಬೇರೆ ತೆರೆದು ನೋಡಿ. ಹಳದಿಗಟ್ಟಿ ಮಾಸಿದ ಮುದ್ರಣದಲ್ಲಿ ಉಳಿದಿರುವ ವಿವರವೆಲ್ಲ ನೀಲಿ ಚಾನೆಲ್‌ನಲ್ಲೇ ಗಾಢವಾಗಿ ಕಾಣುತ್ತದೆ, ಕೆಂಪಿನಲ್ಲಿ ಬಹುತೇಕ ಬಿಳಿ. ಹರಿತ ಮಾಡುವ ಆಯ್ಕೆಯನ್ನು ಮುಟ್ಟಬೇಡಿ. ಅದು ಇಲ್ಲದ ಅಂಚನ್ನು ಹುಟ್ಟಿಸುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರದಲ್ಲಿ ಮುದ್ರಣದ ಚುಕ್ಕಿಗಳೂ ಟಾರ್ಟನ್ ಚೌಕಗಳೂ ಬೆರೆತು ಸುಳ್ಳು ಗೆರೆಗಳೇಳುತ್ತವೆ, ಅದರ ಬಟ್ಟೆಯನ್ನು ಓದಲು ಹೋಗಲೇಬೇಡಿ. ಯುದ್ಧಕಾಲದ ಪತ್ರಿಕಾ ಚಿತ್ರಗಳಲ್ಲಿ ಬ್ಯಾಡ್ಜ್‌ಗಳನ್ನು ಸೆನ್ಸಾರ್‌ನವರು ಕೆರೆದು ಅಳಿಸಿರುವುದೂ ಉಂಟು.

ಇತ್ತೀಚೆಗೆ ಹಳೆಯ ಫೋಟೊಗೆ ತಾನಾಗಿ ಬಣ್ಣ ತುಂಬುವ ಆ್ಯಪ್‌ಗಳು ಬಂದಿವೆ. ಬಣ್ಣ ತುಂಬಿದ ಸಿಪಾಯಿಯನ್ನು ಕಂಡು ಮೊಮ್ಮಕ್ಕಳಿಗೆ ಸಂತೋಷವಾಗುವುದು ಸಹಜ. ಆದರೆ ಫಲಕ ಹಿಡಿಯದೇ ಬಿಟ್ಟ ಹಳದಿಯನ್ನು ಯಾವ ಯಂತ್ರವೂ ವಾಪಸು ತರಲಾರದು, ಅದು ಊಹಿಸಿ ಬಳಿಯುತ್ತದೆ ಅಷ್ಟೆ. ಆ ಕಾಲದಲ್ಲೇ ಕೈಯಿಂದ ಬಣ್ಣ ಹಚ್ಚಿದ ಪೋಸ್ಟ್‌ಕಾರ್ಡ್‌ಗಳ ಕಥೆಯೂ ಇದೇ. ಬಣ್ಣ ಹಚ್ಚಿದ ಪ್ರತಿಯನ್ನು ಗೋಡೆಗೆ ಹಾಕಿ, ಗುರುತು ಹಿಡಿಯಲು ಮೂಲವನ್ನೇ ನೋಡಿ.

ವರ್ಷ ಹಿಡಿಯಲು ತೋಳುಗಳು ನೆರವಾಗುತ್ತವೆ. ಎಡ ಮುಂಗೈ ತೋಳಿನ ಮೇಲೆ ಸುಮಾರು ಎರಡಂಗುಲದ ಲಂಬವಾದ ಪಟ್ಟಿ ಗಾಯಗೊಂಡದ್ದರ ಗುರುತು. ಜಾರಿಗೆ ಬಂದದ್ದು 1916ರಲ್ಲಿ, ಆದ್ದರಿಂದ ಫೋಟೊ ಅದಕ್ಕಿಂತ ಹಿಂದಿನದಾಗದು. ಬಲ ಮುಂಗೈ ತೋಳಿನ ಮೇಲೆ ಮೊನೆ ಮೇಲಾಗಿರುವ ಸಣ್ಣ ವಿ ಪಟ್ಟಿಗಳಿದ್ದರೆ ಫೋಟೊ 1918ರದು ಅಥವಾ ನಂತರದ್ದು. ಅವು ಸಾಗರದಾಚೆ ಸೇವೆ ಮಾಡಿದ ವರ್ಷಗಳ ಲೆಕ್ಕ, 1914ರಲ್ಲೇ ಹೋಗಿದ್ದವರಿಗೆ ಕೆಳಗಿನದು ಕೆಂಪು, ಉಳಿದವು ನೀಲಿ. ಫೋಟೊದಲ್ಲಿ ಅದೇ ನಮ್ಮ ಫಲಕದ ನಿಯಮ: ಕೆಳಗಿನ ಒಂದು ಕಪ್ಪಾಗಿ ಖಾಕಿಯಲ್ಲಿ ಕಳೆದುಹೋಗಿರುತ್ತದೆ, ಮೇಲಿನವು ತಿಳಿಯಾಗಿ ಕಾಣುತ್ತವೆ. ಎಣಿಸುವಾಗ ಒಂದು ಕಡಿಮೆಯಾಗದಂತೆ ನೋಡಿಕೊಳ್ಳಿ. ಎಡ ಮುಂಗೈಯ ವಿ ಪಟ್ಟಿ ಮಾತ್ರ ಸನ್ನಡತೆಯದು, ಅದು ಯುದ್ಧಕ್ಕೂ ಮುಂಚಿನ ರೂಢಿ. ಸೊಂಟದ ಬೆಲ್ಟ್ ಚರ್ಮದ್ದಾಗಿ, ಕೊಂಡಿ ಹಾವಿನ ಆಕಾರದಲ್ಲಿದ್ದರೆ ಅದು 1914ರ ಮಾದರಿ. ನೇಯ್ದ ಪಟ್ಟಿಗಳ 1908ರ ಮಾದರಿ ಸಾಲದೇ ಹೋದಾಗ ಯುದ್ಧಮಂತ್ರಿ ಕಿಚನರ್ ಕರೆಗೆ ಸೇರಿದ ಹೊಸ ಪಡೆಗಳಿಗೆ ಕೊಟ್ಟದ್ದು. ಎದೆಯ ಮೇಲೆ ಚೌಕದ ಗ್ಯಾಸ್ ಮಾಸ್ಕ್ ಚೀಲವಿದ್ದರೆ 1916ರ ಕೊನೆಯಿಂದೀಚೆಗೆ. ಉಕ್ಕಿನ ಹೆಲ್ಮೆಟ್, ಎಲ್ಲರ ತಲೆಯ ಮೇಲೂ ಎಂದರೆ, 1916ರ ನಂತರ.

ಕೆಲವು ಗುಂಪುಗಳ ಬಗ್ಗೆ ಮೊದಲೇ ಎಚ್ಚರ ಇರಬೇಕು. ಬ್ಯಾಗ್‌ಪೈಪ್ ನುಡಿಸುವವನ ಟಾರ್ಟನ್‌ನಿಂದ ರೆಜಿಮೆಂಟ್ ಹೇಳಬಾರದು; ಬ್ಲ್ಯಾಕ್ ವಾಚ್‌ನ ಪೈಪರ್‌ಗಳು ಉಡುತ್ತಿದ್ದುದು ಕೆಂಪು ನೆಲದ ರಾಯಲ್ ಸ್ಟುವರ್ಟ್. ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಹೆಸರಲ್ಲಿ ಹೈಲ್ಯಾಂಡ್ ಇದ್ದರೂ ಅವರದು ಮೆಕೆಂಜಿ ಟಾರ್ಟನ್‌ನ ಪ್ಯಾಂಟು, ಆದರೆ ಅದರದೇ 9ನೇ ಬೆಟಾಲಿಯನ್ ಗ್ಲಾಸ್ಗೋ ಹೈಲ್ಯಾಂಡರ್ಸ್ ಉಡುತ್ತಿದ್ದುದು ಗವರ್ನ್‌ಮೆಂಟ್ ಟಾರ್ಟನ್‌ನ ಕಿಲ್ಟ್. ಎಡಿನ್‌ಬರೋದ 9ನೇ ರಾಯಲ್ ಸ್ಕಾಟ್ಸ್ ತಗ್ಗುನಾಡಿನ ರೆಜಿಮೆಂಟಿನದಾದರೂ ಕಿಲ್ಟ್ ಉಡುತ್ತಿತ್ತು, ಅದು ಹಂಟಿಂಗ್ ಸ್ಟುವರ್ಟ್. ಕೆನಡಾದ 16ನೇ ಬೆಟಾಲಿಯನ್ ನಾಲ್ಕು ಊರುಗಳ ನಾಲ್ಕು ಹೈಲ್ಯಾಂಡ್ ರೆಜಿಮೆಂಟ್‌ಗಳಿಂದ ಕೂಡಿದ್ದು. ಆರಂಭದಲ್ಲಿ ಒಬ್ಬೊಬ್ಬರು ತಮ್ಮ ತಮ್ಮ ಊರಿನ ಟಾರ್ಟನ್‌ನಲ್ಲೇ ಇದ್ದರು. ಒಂದೇ ಸಾಲಿನಲ್ಲಿ ನಾಲ್ಕು ಬಗೆಯ ಕಿಲ್ಟ್ ಕಂಡರೆ ಫೋಟೊ ಕಲಬೆರಕೆಯೆಂದು ಎಸೆಯುವ ಮೊದಲು ಕಾಲರಿನ ಬ್ಯಾಡ್ಜ್‌ನಲ್ಲಿ ಮೇಪಲ್ ಎಲೆ ಹುಡುಕಿ.

ನಮ್ಮ ದೇಶದವರಿಗೆ ಈ ಫೋಟೊಗಳು ಎದುರಾಗುವುದು ಹೆಚ್ಚಾಗಿ ಭಾರತೀಯ ಸೈನ್ಯದ ಚಿತ್ರಗಳ ಜೊತೆಗೆ. 1914ರಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ದಳದ ಪ್ರತಿ ಪದಾತಿ ಬ್ರಿಗೇಡಿನಲ್ಲೂ ಒಂದೊಂದು ಬ್ರಿಟಿಷ್ ಬೆಟಾಲಿಯನ್ ಇತ್ತು. ಮೀರತ್ ಡಿವಿಜನ್‌ನ ಡೆಹ್ರಾಡೂನ್ ಬ್ರಿಗೇಡಿನಲ್ಲಿ 1ನೇ ಸೀಫೋರ್ತ್, ಬರೇಲಿ ಬ್ರಿಗೇಡಿನಲ್ಲಿ 2ನೇ ಬ್ಲ್ಯಾಕ್ ವಾಚ್, ಲಾಹೋರ್ ಡಿವಿಜನ್‌ನ ಸರ್‌ಹಿಂದ್ ಬ್ರಿಗೇಡಿನಲ್ಲಿ 1ನೇ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ. ಪೇಟ ಸುತ್ತಿದ ಸಿಪಾಯಿಗಳ ನಡುವೆ ಕಿಲ್ಟ್‌ನವರು ಕುಳಿತ ಚಿತ್ರ 1914–15ರ ಫ್ರಾನ್ಸಿನದೆಂದು ಗೊತ್ತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಬ್ಲ್ಯಾಕ್ ವಾಚೋ ಸೀಫೋರ್ತೋ ಎಂಬುದು. ಬಿಳಿ ಗೆರೆಯೊಂದೇ ಅದನ್ನು ತೀರ್ಮಾನಿಸಬಲ್ಲದು, ಬಿಳಿ ಹೇಗೂ ಫೋಟೊದಲ್ಲಿ ಉಳಿಯುತ್ತದೆ. ಮುಂದೆ ಈ ಎರಡೂ ಬೆಟಾಲಿಯನ್‌ಗಳು ಮೆಸಪಟೋಮಿಯಾಕ್ಕೂ (ಇಂದಿನ ಇರಾಕ್) ಹೋದವು, ಅಲ್ಲಿ 1916ರಲ್ಲಿ ಎರಡನ್ನೂ ಸ್ವಲ್ಪ ಕಾಲ ಒಂದೇ ಹೈಲ್ಯಾಂಡ್ ಬೆಟಾಲಿಯನ್ ಆಗಿ ಕೂಡಿಸಲಾಗಿತ್ತು. ಆ ತಿಂಗಳುಗಳ ಗುಂಪು ಚಿತ್ರದಲ್ಲಿ ಎರಡು ಟಾರ್ಟನ್ ಬೆರೆತಿದ್ದರೆ ಅದು ಸರಿಯೇ.

ಈ ರೆಜಿಮೆಂಟ್‌ಗಳಿಗೆ ಕನ್ನಡ ನೆಲದ ನಂಟು ಫೋಟೊಗಳಿಗಿಂತ ಹಳೆಯದು. ಬ್ಲ್ಯಾಕ್ ವಾಚ್‌ನ ಯುದ್ಧಗೌರವಗಳ ಪಟ್ಟಿಯಲ್ಲಿ ಮಂಗಳೂರು, ಮೈಸೂರು, ಶ್ರೀರಂಗಪಟ್ಟಣ ಮೂರೂ ಇವೆ. ಟಿಪ್ಪು 1783ರಲ್ಲಿ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದದ್ದು ಅವರ ಎರಡನೇ ಬೆಟಾಲಿಯನ್, ಮುಂದೆ 73ನೇ ರೆಜಿಮೆಂಟ್ ಎನಿಸಿಕೊಂಡು 1799ರಲ್ಲಿ ಶ್ರೀರಂಗಪಟ್ಟಣದಲ್ಲೂ ಹೋರಾಡಿದ ದಳ. ಫೋಟೊದಲ್ಲಿ ಕಣ್ಣಿಗೆ ಬೀಳುವ ಗುರುತೊಂದೂ ಇದೇ ದಖ್ಖನಿನದು. ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಟೋಪಿ ಬ್ಯಾಡ್ಜ್‌ನಲ್ಲಿ, ಸೀಫೋರ್ತ್‌ನ ಕಾಲರಿನ ಬ್ಯಾಡ್ಜ್‌ನಲ್ಲಿ ಪುಟ್ಟ ಆನೆಯಿದೆ, ಮರಾಠರ ವಿರುದ್ಧದ 1803ರ ಅಸ್ಸಾಯೆ ಯುದ್ಧದ್ದು. ಭೂತಗನ್ನಡಿಯಲ್ಲಿ ಸೀಫೋರ್ತ್ ಕಾಲರ್ ನೋಡುವಾಗ ಸೊಂಡಿಲು ಸಿಕ್ಕಿತೆಂದರೆ ಕೆಂಪು ಗೆರೆ ಕಾಣದಿದ್ದರೂ ಚಿಂತೆಯಿಲ್ಲ, ಅವನು ಲಿವರ್‌ಪೂಲ್‌ನವನಲ್ಲ.

ರೆಜಿಮೆಂಟ್ ನಿಶ್ಚಯವಾದ ಮೇಲೆ ಹೆಸರು ಹುಡುಕುವವರಿಗೆ ದೊಡ್ಡ ಅಡ್ಡಿಯೊಂದಿದೆ. 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ ಮೇಲೆ ಬಿದ್ದ ಬಾಂಬಿಗೆ ಮೊದಲ ಯುದ್ಧದ ಸಿಪಾಯಿಗಳ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಪದಕ ಪಡೆದವರ ಪಟ್ಟಿಗಳು ಉಳಿದಿವೆ, ಅವು ರೆಜಿಮೆಂಟ್ ಪ್ರಕಾರ ಜೋಡಿಸಿದವು. ಅಂದರೆ ರೆಜಿಮೆಂಟ್ ತಪ್ಪಿದರೆ ಒಂದೇ ಹೆಸರಿನ ಇನ್ಯಾರನ್ನೋ ಹಿಡಿದು ತಂದು ನಿಮ್ಮ ಮನೆಯವನ ಮುಖಕ್ಕೆ ಅಂಟಿಸುತ್ತೀರಿ. ಸತ್ತವನೊಬ್ಬನ ಸಮಾಧಿಯ ಮುಂದೆ ಬೇರೊಬ್ಬರ ಮನೆಯವರು ನಿಂತು ಕಣ್ಣೀರಿಡುವಂತಾಗಬಾರದು. ಈ ಕುಚ್ಚು, ಗುಂಡಿ, ಗೆರೆಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಕಂಡದ್ದನ್ನು ಬರೆದಿಡುವಾಗ ತೀರ್ಮಾನ ಮಾತ್ರ ಬರೆಯಬೇಡಿ, ಯಾವುದರಿಂದ ಆ ತೀರ್ಮಾನಕ್ಕೆ ಬಂದಿರೆಂಬುದನ್ನೂ ಬರೆಯಿರಿ. ಫೋಟೊ ಹಿಂದೆ ಬರೆಯುವುದಾದರೆ ಪೆನ್ನು ಬೇಡ, 2ಬಿ ಪೆನ್ಸಿಲ್, ಗಟ್ಟಿ ಮೇಜಿನ ಮೇಲೆ ಬೋರಲಿಟ್ಟು, ಮುಖದ ಹಿಂಭಾಗ ತಪ್ಪಿಸಿ ಅಂಚಿನಲ್ಲಿ, ಒತ್ತದೆ. ಇಷ್ಟಿದ್ದರೆ ಸಾಕು: "ಬಹುಶಃ ಗಾರ್ಡನ್ ಹೈಲ್ಯಾಂಡರ್ಸ್. ಗ್ಲೆಂಗರಿಯಲ್ಲಿ ಚೌಕವಿದೆ, ಬ್ಯಾಡ್ಜ್ ದುಂಡಗೆ, ಸ್ಪೊರಾನ್‌ಗೆ ಎರಡು ಕಪ್ಪು ಕುಚ್ಚು. ತೋಳಿನಲ್ಲಿ ಪಟ್ಟಿಯಿಲ್ಲ. ಟಾರ್ಟನ್‌ನಲ್ಲಿ ಹಳದಿ ಕಾಣುತ್ತಿಲ್ಲ, ಬಿಳಿ ಗೆರೆಯೂ ಇಲ್ಲ. ಭುಜದ ಅಕ್ಷರ ಓದಲಾಗಲಿಲ್ಲ."